ದೊಡ್ಡ ಕಡತಗಳಿಗೆ ಕ್ಯೂಬಿಟ್‌ಟೊರೆಂಟ್: ಆರು ವರ್ಷಗಳ ಬಳಕೆಯ ನಂತರ

ಆರು ವರ್ಷಗಳಿಂದ ನನ್ನ ಕಂಪ್ಯೂಟರಿನಲ್ಲಿ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ತಂತ್ರಾಂಶ (ಕಡತಗಳನ್ನು ಇತರ ಬಳಕೆದಾರರ ಕಂಪ್ಯೂಟರುಗಳಿಂದಲೇ ಇಳಿಸಿಕೊಳ್ಳುವ ಸಾಧನ) ಹೆಚ್ಚುಕಡಿಮೆ ನಿಲ್ಲದೆ ಓಡುತ್ತಿದೆ. ಈ ಅವಧಿಯಲ್ಲಿ ಅದರ ಮೂಲಕ ಇಳಿಸಿಕೊಂಡವು ಬಹುತೇಕ ದೊಡ್ಡ ಕಡತಗಳೇ: ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಳಾದ ಡೆಬಿಯನ್ ಮತ್ತು ಫೆಡೋರಾದ ಅನುಸ್ಥಾಪನಾ ಡಿಸ್ಕಿನ ಐಎಸ್‌ಒ ಪ್ರತಿಗಳು, ಇಂಟರ್ನೆಟ್ ಇಲ್ಲದೆಯೂ ಓದಲು ಅನುವಾಗುವಂತೆ ಕಿವಿಕ್ಸ್ ಸಿದ್ಧಪಡಿಸುವ ಇಂಗ್ಲಿಷ್ ವಿಕಿಪೀಡಿಯ (ಚಿತ್ರಗಳೂ ಸೇರಿದರೆ ಅದು 100 ಗಿಗಾಬೈಟ್‌ನ ಆಸುಪಾಸಿನದು), ಓಪನ್‌ಸ್ಟ್ರೀಟ್‌ಮ್ಯಾಪ್‌ನ ಇಡೀ ಭೂಮಿಯ ನಕ್ಷೆಯ ದತ್ತಾಂಶ, ಇಂಟರ್ನೆಟ್ ಆರ್ಕೈವ್‌ನ ಕೆಲವು ಹಳೆಯ ಸಂಗ್ರಹಗಳು. ಅದಕ್ಕೂ ಮೊದಲು ಎಲ್ಲವನ್ನೂ ಬ್ರೌಸರಿನಲ್ಲೇ ಇಳಿಸುತ್ತಿದ್ದೆ. 40 ಗಿಗಾಬೈಟ್‌ನ ಕಡತವೊಂದು 37ರ ಹತ್ತಿರ ಬಂದಾಗ ಸಂಪರ್ಕ ಕಡಿದು, ಮುಂದುವರಿಸುವ ಗುಂಡಿ ಒತ್ತಿದರೆ ಮತ್ತೆ ಸೊನ್ನೆಯಿಂದ ಶುರುವಾದ ದಿನ ನಾನು ಇತ್ತ ತಿರುಗಿದೆ.

ಬಹಳ ಜನ ಟೊರೆಂಟ್ ತಂತ್ರಾಂಶವನ್ನು ವೇಗದಿಂದ ಅಳೆಯುತ್ತಾರೆ. ನನ್ನ ಅನುಭವದಲ್ಲಿ ಅದು ಎರಡನೆಯ ಮಾತು. ದೊಡ್ಡ ಕಡತದ ವಿಷಯದಲ್ಲಿ ಮುಖ್ಯವಾದುದು, ಒಮ್ಮೆ ಬಂದದ್ದು ಮತ್ತೆ ಕೈಬಿಟ್ಟು ಹೋಗಬಾರದು ಎಂಬುದು. ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ಕ್ರಮದಲ್ಲಿ ಕಡತವು ಒಂದೇ ಸಮನೆ ಹರಿದುಬರುವುದಿಲ್ಲ. ಸಮಾನ ಗಾತ್ರದ ತುಣುಕುಗಳಾಗಿ, ಬೇರೆ ಬೇರೆ ಕಂಪ್ಯೂಟರುಗಳಿಂದ, ಯಾವ ಅನುಕ್ರಮವೂ ಇಲ್ಲದೆ ಬರುತ್ತದೆ. ಪ್ರತಿ ತುಣುಕಿನ ಹ್ಯಾಶ್ ಮೌಲ್ಯ (ತುಣುಕಿನೊಳಗಿನ ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ನಾವು ಮೊದಲು ಪಡೆಯುವ, ವಿವರಗಳಷ್ಟೇ ಇರುವ ಸಣ್ಣ ಟೊರೆಂಟ್ ಕಡತದಲ್ಲಿ ಮೊದಲೇ ನಮೂದಾಗಿರುವುದರಿಂದ, ಬಂದ ತುಣುಕು ಸರಿಯಿದೆಯೇ ಎಂಬುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ, ಸರಿಯಿಲ್ಲದಿದ್ದರೆ ಅದೊಂದನ್ನು ಮಾತ್ರ ಮತ್ತೆ ತರಿಸಿಕೊಳ್ಳಲಾಗುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ಒಂದು ರಾತ್ರಿ ವಿದ್ಯುತ್ ಹೋದಾಗ. ಸುಮಾರು 80 ಗಿಗಾಬೈಟ್‌ನ ಕಡತ, ತಲಾ 4 ಮೆಗಾಬೈಟ್‌ನ ಸುಮಾರು 20,000 ತುಣುಕು, ಮುಕ್ಕಾಲು ಪಾಲು ಬಂದಿತ್ತು. ಬೆಳಿಗ್ಗೆ ಯಂತ್ರ ಎದ್ದಾಗ ಡಿಸ್ಕಿನಲ್ಲಿ ಏನು ಉಳಿದಿದೆಯೋ ಎಂಬ ಅನುಮಾನದಿಂದ ಟೊರೆಂಟಿನ ಮೇಲೆ ಬಲ ಕ್ಲಿಕ್ ಮಾಡಿ ‘ಫೋರ್ಸ್ ರೀಚೆಕ್’ ಕೊಟ್ಟೆ. ಹಳೆಯ ಹೊರ ಹಾರ್ಡ್‌ಡಿಸ್ಕ್ ಆದ್ದರಿಂದ ಕಾಲು ಗಂಟೆಗೂ ಮಿಕ್ಕಿ ಅದು ಒಂದೊಂದೇ ತುಣುಕನ್ನು ಓದಿ ಹ್ಯಾಶ್ ಹೋಲಿಸುತ್ತಾ ಹೋಯಿತು. ಕೊನೆಗೆ ಕೆಟ್ಟಿದ್ದವು ಮೂರೇ ತುಣುಕು. ಹನ್ನೆರಡು ಮೆಗಾಬೈಟ್ ಮತ್ತೆ ಇಳಿಸಿಕೊಂಡು, ಏನೂ ಆಗದವರಂತೆ ಮುಂದುವರಿದೆವು.

ಹೊಸಬರು ಅರ್ಥಮಾಡಿಕೊಳ್ಳದೆ ಸಿಟ್ಟಾಗುವ ಜಾಗವೆಂದರೆ ಶೇಕಡಾ 99ರ ಬಳಿ ನಿಂತುಬಿಡುವ ಕಡತ. ಇಲ್ಲಿ ನೋಡಬೇಕಾದದ್ದು ವೇಗದ ಅಂಕಣವನ್ನಲ್ಲ, ‘ಅವೈಲಬಿಲಿಟಿ’ ಅಂಕಣವನ್ನು. ಈಗ ಸಂಪರ್ಕದಲ್ಲಿರುವ ಎಲ್ಲರ ಬಳಿಯ ತುಣುಕುಗಳನ್ನು, ನಮ್ಮಲ್ಲಿರುವುದನ್ನೂ ಸೇರಿಸಿ, ಒಟ್ಟುಗೂಡಿಸಿದರೆ ಎಷ್ಟು ಪೂರ್ಣ ಪ್ರತಿಗಳಾದಾವು ಎಂಬುದನ್ನು ಅದು ಹೇಳುತ್ತದೆ. ಆ ಸಂಖ್ಯೆ 1ಕ್ಕಿಂತ ಕಡಿಮೆಯಿದ್ದರೆ ಯಾವುದೋ ಒಂದು ತುಣುಕು ಆ ಕ್ಷಣದಲ್ಲಿ ಯಾರ ಬಳಿಯೂ ಇಲ್ಲ ಎಂದರ್ಥ. ಸೆಟ್ಟಿಂಗ್ ಎಷ್ಟು ತಿರುಚಿದರೂ ಬರುವುದಿಲ್ಲ. 23 ಗಿಗಾಬೈಟ್‌ನ ಸಂಗ್ರಹವೊಂದು ನನ್ನಲ್ಲಿ ಹೀಗೆಯೇ 0.998ಕ್ಕೆ ನಿಂತಿತ್ತು. ನನ್ನಂತೆಯೇ ಇನ್ನೂ ಐದಾರು ಮಂದಿ ಅದೇ ಶೇಕಡಾ 99.8ರಲ್ಲಿ ಸಾಲಾಗಿ ಕುಳಿತಿದ್ದರು, ಎಲ್ಲರಿಗೂ ಬೇಕಿದ್ದದ್ದು ಅದೇ 46 ಮೆಗಾಬೈಟ್. ಅಳಿಸಿಹಾಕುವ ಮನಸ್ಸಾಗಿತ್ತು, ಆದರೂ ಬಿಟ್ಟೆ. ಹನ್ನೊಂದನೆಯ ದಿನ ಪೂರ್ಣ ಪ್ರತಿಯುಳ್ಳ ಸೀಡರ್ ಒಬ್ಬರು ಎಲ್ಲಿಂದಲೋ ಬಂದರು, ಒಂದೆರಡು ನಿಮಿಷದಲ್ಲಿ ಎಲ್ಲರದೂ ಮುಗಿಯಿತು. ಅಂದಿನಿಂದ ಯಾವುದೇ ದೊಡ್ಡ ಕಡತವನ್ನು ಆರಂಭಿಸಿದ ಹತ್ತು ನಿಮಿಷಕ್ಕೆ ಆ ಅಂಕಣವನ್ನು ನೋಡುವುದು ರೂಢಿಯಾಗಿದೆ. ಸೀಡರುಗಳ ಅಂಕಣದಲ್ಲಿ ಆವರಣದೊಳಗಿನ ಸಂಖ್ಯೆ ಟ್ರ್ಯಾಕರ್ (ಯಾರ ಬಳಿ ಕಡತವಿದೆ ಎಂಬ ಪಟ್ಟಿ ಇಡುವ ಸರ್ವರ್) ಹೇಳಿದ್ದು, ಹೊರಗಿನದು ನಾವು ನಿಜಕ್ಕೂ ತಲುಪಿರುವುದು. ಮೊದಲನೆಯದನ್ನು ನಂಬಿ ಖುಷಿಪಡುವುದರಲ್ಲಿ ಅರ್ಥವಿಲ್ಲ.

ಇದೇ ಕಾರಣಕ್ಕೆ ‘ಅನುಕ್ರಮವಾಗಿ ಇಳಿಸು’ ಎಂಬ ಆಯ್ಕೆಯನ್ನು ನಾನು ಮುಟ್ಟುವುದಿಲ್ಲ. ಅತಿ ಅಪರೂಪದ ತುಣುಕನ್ನು ಮೊದಲು ತರುವುದು ಈ ಜಾಲದ ಸಹಜ ಕ್ರಮ. ಇದ್ದೊಬ್ಬ ಸೀಡರ್ ಎದ್ದುಹೋಗುವ ಮೊದಲು ಅವರಲ್ಲಿ ಮಾತ್ರ ಇರುವ ತುಣುಕು ನಾಲ್ಕಾರು ಜನರಿಗೆ ಹಂಚಿಹೋಗಿರಲಿ ಎಂಬುದು ಅದರ ಹಿಂದಿನ ವಿವೇಕ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ತರಿಸಿದರೆ ಆ ವಿವೇಕಕ್ಕೆ ನಾವೇ ಕಲ್ಲು ಹಾಕಿದಂತೆ.

ಮೊದಲ ಎರಡು ವರ್ಷ ನನ್ನ ವೇಗ ಏಕೆ ಕುಂಟುತ್ತಿತ್ತು ಎಂಬುದು ತಡವಾಗಿ ತಿಳಿಯಿತು. ತಂತ್ರಾಂಶದ ಕಿಟಕಿಯ ಕೆಳಗಿನ ಪಟ್ಟಿಯಲ್ಲಿನ ಸಂಪರ್ಕದ ಗುರುತು ನಾವು ಫೈರ್‌ವಾಲ್‌ನ ಹಿಂದಿದ್ದೇವೆ ಎಂದು ದಿನವೂ ಸಾರುತ್ತಿದ್ದರೂ, ಇಳಿಯುತ್ತಿದೆಯಲ್ಲ ಎಂದು ನಾನು ಕಣ್ಣೆತ್ತಿ ನೋಡಿರಲಿಲ್ಲ. ಹೊರಗಿನಿಂದ ನಮ್ಮನ್ನು ಯಾರೂ ಸಂಪರ್ಕಿಸಲಾಗದಿದ್ದರೆ, ನಾವಾಗಿ ಹುಡುಕಿಕೊಂಡು ಹೋದವರಿಂದ ಮಾತ್ರ ಕಡತ ಬರುತ್ತದೆ. ಎರಡು ಕಡೆಯೂ ಹೀಗೆ ಬಾಗಿಲು ಹಾಕಿಕೊಂಡಿದ್ದರೆ ಸಾಮಾನ್ಯವಾಗಿ ಪರಸ್ಪರ ಭೇಟಿಯೇ ಆಗುವುದಿಲ್ಲ. ನೂರಾರು ಸೀಡರುಗಳಿರುವ ಡೆಬಿಯನ್ ಪ್ರತಿಗೆ ಇದು ತಟ್ಟದು, ಇಬ್ಬರೇ ಇರುವ ಹಳೆಯ ಸಂಗ್ರಹಕ್ಕೆ ಇದೇ ಅಳಿವು ಉಳಿವಿನ ಪ್ರಶ್ನೆ. ರೂಟರಿನಲ್ಲಿ ಯುಪಿಎನ್‌ಪಿ (ಪೋರ್ಟ್ ಎಂಬ ಒಳಬಾಗಿಲನ್ನು ತಾನಾಗಿ ತೆರೆಯುವ ವ್ಯವಸ್ಥೆ) ಚಾಲೂ ಮಾಡಿದೆ, ಆಗಲಿಲ್ಲ. ಕೈಯಾರೆ ಪೋರ್ಟ್ ಫಾರ್ವರ್ಡ್ ಮಾಡಿದೆ, ಆಗಲಿಲ್ಲ. ಕೊನೆಗೆ ರೂಟರಿನ ಹೊರ ವಿಳಾಸ 100.70 ಎಂದು ಶುರುವಾಗುವುದನ್ನು ಕಂಡಾಗ ಗುಟ್ಟು ಬಯಲಾಯಿತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವಾಗ ಒಳಗೆ ಬಳಸುವಂಥವು, ಅಲ್ಲಿ ನಮ್ಮ ರೂಟರಿನಲ್ಲಿ ಏನು ಮಾಡಿದರೂ ನೀರಿನಲ್ಲಿ ಹೋಮ. ನನ್ನ ಸೇವಾದಾರರಿಗೆ ಮೂರು ಬಾರಿ ಫೋನ್ ಮಾಡಿದರೂ ಅವರ ಉತ್ತರ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬುದರಿಂದ ಮುಂದಕ್ಕೆ ಹೋಗಲಿಲ್ಲ. ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಕೊಡಬಲ್ಲ ಐಪಿವಿ6 ಚಾಲೂ ಮಾಡಿ, ಆ ಪೋರ್ಟನ್ನು ಅದರ ಫೈರ್‌ವಾಲ್‌ನಲ್ಲಿ ತೆರೆದ ಮೇಲೆ ಒಳಬರುವ ಸಂಪರ್ಕಗಳು ಕಾಣಿಸಿಕೊಂಡವು.

ಅಪ್‌ಲೋಡ್ ಬಗ್ಗೆ ಎರಡು ವಿರುದ್ಧ ತಪ್ಪುಗಳನ್ನೂ ನಾನೇ ಮಾಡಿದ್ದೇನೆ. ಮೊದಲು, ನನಗೇಕೆ ಆ ಖರ್ಚು ಎಂದು ಅದನ್ನು ಸೆಕೆಂಡಿಗೆ 10 ಕಿಲೋಬೈಟ್‌ಗೆ ಇಳಿಸಿದ್ದೆ. ಇಲ್ಲಿ ಕೊಟ್ಟವರಿಗೇ ಕೊಡುವ ನಿಯಮವಿದೆ: ಇಳಿಸಿಕೊಳ್ಳುತ್ತಿರುವವರು ತಮಗೆ ಚೆನ್ನಾಗಿ ಕೊಡುತ್ತಿರುವವರನ್ನೇ ಆರಿಸಿ ಅವರಿಗೆ ಕಳಿಸುತ್ತಾರೆ, ಹೊಸಬರಿಗೆ ಅವಕಾಶವಿರಲೆಂದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ ಸುಮ್ಮನೆ ಕೊಟ್ಟು ನೋಡುತ್ತಾರೆ. ಜಿಪುಣನಾದ ನನಗೆ ಆ ಭಿಕ್ಷೆ ಮಾತ್ರ ಸಿಗುತ್ತಿತ್ತು. ಆಮೇಲೆ ಮಿತಿಯನ್ನೇ ತೆಗೆದೆ. ಆಗ ಹೊರಹೋಗುವ ಹಾದಿ ತುಂಬಿ, ಬಂದದ್ದು ತಲುಪಿತು ಎಂದು ತಿಳಿಸುವ ಸಣ್ಣ ಸಂದೇಶಗಳೂ ಸರತಿಯಲ್ಲಿ ಸಿಕ್ಕಿಬಿದ್ದು, ಡೌನ್‌ಲೋಡ್ ಜೊತೆಗೆ ಮನೆಮಂದಿಯ ವಿಡಿಯೊ ಕರೆಗಳೂ ತೊದಲತೊಡಗಿದವು. ನನ್ನ ಅಪ್‌ಲೋಡ್ ಸಾಮರ್ಥ್ಯ 10 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಮೆಗಾಬೈಟ್. ಅದರ ಮುಕ್ಕಾಲು ಪಾಲಿನಷ್ಟು, ಅಂದರೆ 950 ಕಿಲೋಬೈಟ್‌ಗೆ ಮಿತಿ ಇಟ್ಟ ಮೇಲೆ ಎರಡೂ ತೊಂದರೆ ನಿಂತವು. ಬಿಟ್ ಮತ್ತು ಬೈಟ್‌ಗಳ ಈ ಗೊಂದಲದಿಂದಲೇ ‘ನನ್ನ ವೇಗ ಎಂಟರಲ್ಲಿ ಒಂದು ಪಾಲಿಗೆ ಬಿದ್ದಿದೆ’ ಎಂದು ದೂರುವವರನ್ನು ನಾನು ಆಗಾಗ ಕಾಣುತ್ತೇನೆ.

ಡಿಸ್ಕಿನ ವಿಷಯದಲ್ಲಿ ಒಂದೇ ಎಚ್ಚರ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅಥವಾ ಡಿಸ್ಕಿನಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಒಂಟಿ ಕಡತ ಹಿಡಿಸುವುದಿಲ್ಲ, ಎಷ್ಟೇ ಜಾಗ ಖಾಲಿಯಿದ್ದರೂ ಟೊರೆಂಟ್ ದೋಷ ತೋರಿಸಿ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಿಸಿಕೊಳ್ಳಬೇಕು.

ಕೊರತೆಗಳೂ ಇವೆ. ಸೆಟ್ಟಿಂಗ್‌ಗಳ ಕಿಟಕಿ ಹೊಸಬರನ್ನು ಹೆದರಿಸುವಷ್ಟು ಒತ್ತಾಗಿದೆ. ಏಕಕಾಲದ ಡೌನ್‌ಲೋಡುಗಳ ಮಿತಿ ಮೊದಲಿಗೆ ಮೂರಕ್ಕಿರುವುದರಿಂದ ನಾಲ್ಕನೆಯದು ಸರತಿಯಲ್ಲಿ ಸುಮ್ಮನೆ ನಿಂತಿರುತ್ತದೆ, ಕೆಟ್ಟುಹೋಯಿತೆಂದು ಅದನ್ನು ಅಳಿಸಿದವನು ನಾನೊಬ್ಬನೇ ಇರಲಾರೆ. ಲಿಬ್‌ಟೊರೆಂಟ್ 2.0 (ಈ ತಂತ್ರಾಂಶದ ಒಳಗಿನ ಟೊರೆಂಟ್ ಎಂಜಿನ್) ಆಧಾರಿತ ಆವೃತ್ತಿಗಳಲ್ಲಿ ಕಡತಗಳನ್ನು ನೇರ ಮೆಮೊರಿಗೆ ಜೋಡಿಸಿ ಓದುವ ಕ್ರಮವಿದ್ದು, ದೊಡ್ಡ ಕಡತ ಇಳಿಯುವಾಗ ಮೆಮೊರಿ ಬಳಕೆಯ ಅಂಕಿ ಗಾಬರಿ ಹುಟ್ಟಿಸುವಷ್ಟು ಏರಿ ಕಾಣುತ್ತದೆ. ಜಾಹೀರಾತು ಮಾತ್ರ ಈ ಆರು ವರ್ಷಗಳಲ್ಲಿ ಒಂದೂ ಕಂಡಿಲ್ಲ. ಮೂಲ ಸಂಕೇತ ಮುಕ್ತವಾಗಿರುವ ಉಚಿತ ತಂತ್ರಾಂಶ ಇದು.

ಇನ್ನೊಂದು ತಪ್ಪು ನಂಬಿಕೆಯ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಪ್ರಾಮಾಣಿಕವಾಗದು. ಹ್ಯಾಶ್ ಪರೀಕ್ಷೆ ಹೇಳುವುದು ಟೊರೆಂಟ್ ಮಾಡಿದವರು ಇಟ್ಟದ್ದೇ ನಮಗೆ ಬಂದಿದೆ ಎಂದಷ್ಟೇ, ಅವರು ಇಟ್ಟದ್ದು ಒಳ್ಳೆಯದೇ ಎಂದಲ್ಲ. ಆದ್ದರಿಂದ ಟೊರೆಂಟನ್ನು ಪ್ರಕಾಶಕರ ಸ್ವಂತ ತಾಣದಿಂದಲೇ ಪಡೆದು, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯದೊಡನೆ ಇಳಿದ ಕಡತವನ್ನು ಹೋಲಿಸಿ ನೋಡುತ್ತೇನೆ. ಜೊತೆಗೆ, ಒಂದು ಕಡತವನ್ನು ಹಂಚಿಕೊಳ್ಳುತ್ತಿರುವ ಎಲ್ಲರಿಗೂ ಪರಸ್ಪರರ ಐಪಿ ವಿಳಾಸ ಕಾಣುತ್ತದೆ. ಪಿಯರ್ಸ್ ಎಂಬ ಪುಟ ತೆರೆದರೆ ನನಗೆ ಅವರದು ಕಾಣುವಂತೆ ಅವರಿಗೂ ನನ್ನದು. ಹಂಚಲು ಅನುಮತಿಯಿಲ್ಲದ ಕೃತಿಯನ್ನು ಇಳಿಸುವವರು ಅದೇ ಹೊತ್ತಿನಲ್ಲಿ ತಾವೂ ಅದನ್ನು ಹಂಚುತ್ತಿರುತ್ತಾರೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ.

ಮುಗಿದ ಕಡತಗಳನ್ನು ಎಷ್ಟು ಕಾಲ ಹಂಚಬೇಕು ಎಂಬುದಕ್ಕೆ ನಾನಿಟ್ಟುಕೊಂಡಿರುವ ಲೆಕ್ಕ ಸರಳ: ಅನುಪಾತ 2 ಆದ ಮೇಲೆ, ಅಂದರೆ ಪಡೆದದ್ದರ ಎರಡರಷ್ಟು ಕೊಟ್ಟ ಮೇಲೆ, ತಾನಾಗಿ ನಿಲ್ಲುವಂತೆ ಹೊಂದಿಸಿದ್ದೇನೆ. ಡೆಬಿಯನ್‌ನ ಹೊಸ ಪ್ರತಿಗೆ ಅದು ಬೇಗನೆ ಆಗಿಹೋಗುತ್ತದೆ. ಹನ್ನೊಂದು ದಿನ ಕಾಯಿಸಿದ ಆ 23 ಗಿಗಾಬೈಟ್‌ನ ಸಂಗ್ರಹಕ್ಕೆ ಮಾತ್ರ ಮಿತಿ ಹಾಕಿಲ್ಲ. ಅದರ ಅನುಪಾತ ಇಂದಿಗೂ 0.6ನ್ನು ದಾಟಿಲ್ಲ, ತಿಂಗಳಿಗೊಮ್ಮೆ ಯಾರೋ ಒಬ್ಬರು ಬರುತ್ತಾರೆ, ಆಗ ಅವರಿಗೆ ಸಿಗುವ ಸೀಡರ್ ಹೆಚ್ಚಿನಂಶ ನಾನೊಬ್ಬನೇ.