ಗುವಾಮ್‌ನ ಫ್ರೀ ಕ್ಯಾನ್ಸರ್ ಸ್ಕ್ರೀನಿಂಗ್ ಕ್ಯಾಂಪಿಗೆ ಆಯಿನ (ನಮ್ಮಮ್ಮನ್ನ) ಕರ್ಕೊಂಡು ಹೋಗಿದ್ದೆ: ಐದಕ್ಕೆ ಮೂರೂವರೆ ಸ್ಟಾರ್

ಮೊದಲೇ ಹೇಳ್ಬಿಡ್ತೀನಿ. ಕ್ಯಾಂಪ್ ನಡೆದ ದಿನಕ್ಕೆ ಐದಕ್ಕೆ ಐದು, ಆಮೇಲಿನ ಮೂರು ವಾರಕ್ಕೆ ಎರಡು, ಕೂಡಿಸಿ ಭಾಗಿಸಿದ್ರೆ ಮೂರೂವರೆ. ನಡೆಸಿದ್ದು ಯಾರು ಅಂತ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಕೊನೇಲಿ ಸ್ವಲ್ಪ ಬೈದಿದೀನಿ, ಮತ್ತೆ ಇಷ್ಟು ಚಿಕ್ಕ ಊರಲ್ಲಿ ನಾಳೆ ಅದೇ ನರ್ಸಮ್ಮ ಸೂಪರ್ ಮಾರ್ಕೆಟ್ಟಲ್ಲಿ ಎದುರಿಗೆ ಸಿಕ್ತಾರೆ.

ಗುವಾಮ್ ಎಲ್ಲಿದೆ ಅಂತ ಕೇಳೋರಿಗೆ: ಮನಿಲಾದಿಂದ ಪೂರ್ವಕ್ಕೆ ವಿಮಾನದಲ್ಲಿ ನಾಲ್ಕು ಗಂಟೆ ಹತ್ರ ಹತ್ರ, ಪೆಸಿಫಿಕ್ ಮಧ್ಯೆ ಒಂದು ಉದ್ದನೆ ದ್ವೀಪ, 1898ರಿಂದ ಅಮೆರಿಕದ ಕೈಲಿದೆ, ಯುದ್ಧದ ಟೈಮಲ್ಲಿ ಎರಡೂವರೆ ವರ್ಷ ಜಪಾನಿನವರ ಕೈಲಿತ್ತು. ಜನ ಸುಮಾರು ಒಂದೂವರೆ ಲಕ್ಷ, ನಮ್ಮ ಶಿರಸಿ ತಾಲೂಕಲ್ಲೇ ಇದಕ್ಕಿಂತ ಜಾಸ್ತಿ ಇರ್ಬೇಕು. ಇಲ್ಲಿ ಸಾವಿಗೆ ಹಾರ್ಟು ಮೊದಲನೇ ಕಾರಣ, ಕ್ಯಾನ್ಸರ್ ಎರಡನೇದು, ಕ್ಯಾನ್ಸರ್ ಪೈಕಿ ಶ್ವಾಸಕೋಶದ್ದೇ ಮುಂದೆ. ದೊಡ್ಡ ಟ್ರೀಟ್ಮೆಂಟ್ ಅಂದ್ರೆ ಎಷ್ಟೋ ಜನ ಮನಿಲಾಗೋ ಹೊನೊಲುಲುಗೋ ವಿಮಾನ ಹತ್ತಬೇಕು. ಹಾಗಾಗಿ ಮುಂಚೇನೇ ಕಂಡುಹಿಡಿಯೋದಕ್ಕೆ ಇಲ್ಲಿ ಬೇರೆಯದೇ ಬೆಲೆ, ಲೇಟಾದ್ರೆ ಕಾಯಿಲೆ ಜೊತೆ ಟಿಕೆಟ್ ಖರ್ಚು, ಅಲ್ಲಿ ರೂಮ್ ಬಾಡಿಗೆ, ನೋಡ್ಕೊಳ್ಳೋಕೆ ಜೊತೆಗೆ ಹೋದವರ ಕೆಲ್ಸ, ಎಲ್ಲಾ ಸೇರಿ ಕುಟುಂಬಾನೇ ಎದ್ದು ಹೋಗ್ಬೇಕಾಗುತ್ತೆ.

ಈಗ ಆಯಿ ವಿಷ್ಯ. ಅಡಿಕೆ ತೋಟದ ಮನೆ ನಮ್ದು, ಆಯಿಗೆ 68, ಐವತ್ತು ವರ್ಷದಿಂದ ಕವಳ ಹಾಕ್ತಾಳೆ, ಎಲೆ ಅಡಿಕೆ ಸುಣ್ಣ ಜೊತೆಗೆ ಚಿಟಿಕೆ ಹೊಗೆಸೊಪ್ಪು. ಐದು ತಿಂಗಳಿಗೆ ಅಂತ ಇಲ್ಲಿಗೆ ಬರೋವಾಗ ಏರ್‌ಪೋರ್ಟಲ್ಲಿ ಹಿಡೀತಾರೆ ಅಂತ ಹೆದ್ರಿ ಕವಳದ ಸಂಚಿ ಊರಲ್ಲೇ ಬಿಟ್ಟು ಬಂದಿದ್ಲು, ನಾನೂ ಒಳಗೊಳಗೇ ಖುಷಿ ಪಟ್ಟೆ, ಇನ್ನು ತಾನಾಗೇ ಬಿಟ್ಟೋಗುತ್ತೆ ಅಂತ. ಬಂದು ನಾಲ್ಕನೇ ದಿನ ಹಿತ್ತಲ ಬಾಗಿಲಿಂದ ಕೂಗ್ತಾಳೆ, "ತಮಾ, ಇಲ್ಲಿ ನೋಡು, ಇದು ನಮ್ಮನೆ ಅಡಿಕೇನೇ ಅಲ್ದನಾ?" ಅಂತ. ಪಕ್ಕದ ಮನೆಯವರ ಹಿತ್ತಲಲ್ಲಿ ಸಾಲಾಗಿ ಅಡಿಕೆ ಮರ, ಅದರ ಬುಡದಲ್ಲೇ ವೀಳ್ಯದ ಬಳ್ಳಿ! ಮೂರು ವರ್ಷದಿಂದ ಇದೇ ಮನೇಲಿದೀನಿ, ಯಾವುದೋ ತಾಳೆ ಜಾತಿ ಮರ ಅಂದ್ಕೊಂಡಿದ್ದೆ. ಅಡಿಕೆ ದುಡ್ಡಲ್ಲಿ ಓದಿದವನ ಕಣ್ಣು ನೋಡಿ.

ಇಲ್ಲಿನ ಮೂಲ ಜನ ಚಮೊರೊಗಳು. ಅಡಿಕೆಗೆ ಅವರು ಪುಗುವಾ ಅಂತಾರೆ, ಎಲೆಗೆ ಪುಪುಲು, ಸುಣ್ಣಕ್ಕೆ ಆಫೊಕ್. ಮದುವೆಗೆ, ಸಾವಿನ ಮನೆಗೆ, ಪೂಜೆ ಪ್ರಾರ್ಥನೆಗೆ ಎಲ್ಲದಕ್ಕೂ ತಟ್ಟೆಯಲ್ಲಿಟ್ಟು ಕೊಡ್ತಾರೆ, ಥೇಟ್ ನಮ್ಮ ತಾಂಬೂಲ. ಪಕ್ಕದ ಮನೆ ಅಜ್ಜಿಗೆ ಕನ್ನಡ ಬರಲ್ಲ, ಆಯಿಗೆ ಇಂಗ್ಲಿಷ್ ಬರಲ್ಲ, ಎರಡು ವಾರದಲ್ಲಿ ಇಬ್ಬರೂ ಜಗಲಿ ಮೇಲೆ ಕೂತು ಒಬ್ಬರ ಬಾಯಿ ಒಬ್ಬರು ನೋಡಿ ನಗೋಷ್ಟು ದೋಸ್ತಿ. ಆಯಿ ಅವರಿಗೆ "ಪುಗುವಾ ಅಜ್ಜಿ" ಅಂತ ಹೆಸ್ರಿಟ್ಲು.

ಕ್ಯಾಂಪಿಗೆ ಕರ್ಕೊಂಡು ಹೋಗಿದ್ದೂ ಆ ಅಜ್ಜಿನೇ ಅನ್ನಿ. ಶನಿವಾರ ಬೆಳಿಗ್ಗೆ, ದ್ವೀಪದ ಉತ್ತರ ಭಾಗದ ಒಂದು ಹಳ್ಳಿ ಮೇಯರ್ ಆಫೀಸ್ ಪಕ್ಕದ ಹಾಲು, ಹೊರಗೆ ಶಾಮಿಯಾನ. ಇಲ್ಲಿ 19 ಹಳ್ಳಿ, ಹಳ್ಳಿಗೊಬ್ಬ ಮೇಯರ್, ಜನ ಆಸ್ಪತ್ರೆಗೆ ಹೋಗಲ್ಲ ಅಂದ್ರೂ ಮೇಯರ್ ಆಫೀಸಿಗೆ ಹೋಗ್ತಾರೆ ಅನ್ನೋದು ಇವರಿಗೆ ಗೊತ್ತು, ಜಾಗ ಆರಿಸಿದ್ದೇ ಬುದ್ಧಿವಂತಿಕೆ. ಒಂದು ಮೂಲೇಲಿ ಬಾರ್ಬೆಕ್ಯೂ ಹೊಗೆ, ಕೆಂಪನ್ನ. ಕ್ಯಾನ್ಸರ್ ಕ್ಯಾಂಪಲ್ಲಿ ಸುಟ್ಟ ಮಾಂಸ ಬಡಿಸ್ತಾರಲ್ಲ ಅಂತ ನನ್ನ ಹೆಂಡತಿ ಕಿವೀಲಿ ಅಂದ್ಲು, ಆದ್ರೆ ಊಟ ಇಲ್ದೇ ಇದ್ರೆ ಇಲ್ಲಿ ಯಾರೂ ಬರಲ್ಲ, ನಮ್ಮಲ್ಲೂ ಅಷ್ಟೇ ತಾನೆ.

ನನಗೆ ತುಂಬಾ ಹಿಡಿಸಿದ್ದು ಫಾರಂ. ನಗಬೇಡಿ. ಊರಲ್ಲಿ ಡಾಕ್ಟ್ರು "ತಂಬಾಕು ಸಿಗರೇಟು ಏನಾದ್ರೂ ಇದ್ಯಾ" ಅಂತ ಕೇಳಿದ್ರೆ ಆಯಿ ಧೈರ್ಯವಾಗಿ ಇಲ್ಲ ಅಂತಾಳೆ, ಯಾಕಂದ್ರೆ ಅವಳ ಲೆಕ್ಕದಲ್ಲಿ ಕವಳ ಅಂದ್ರೆ ಊಟದ ಒಂದು ಭಾಗ, ಚಟ ಅಲ್ವೇ ಅಲ್ಲ. ಇಲ್ಲಿ ಹಾಗೆ ಕೇಳೋದೇ ಇಲ್ಲ. ಅಡಿಕೆ ಎಳೇದಾ ಬಲಿತಿದ್ದಾ, ಬರೀ ಅಡಿಕೇನಾ ಎಲೆ ಸೇರಿಸ್ತೀರಾ, ಸುಣ್ಣ ಇದ್ಯಾ, ತಂಬಾಕು ಇದ್ಯಾ, ನುಂಗ್ತೀರಾ ಉಗೀತೀರಾ, ಯಾವ ಕೆನ್ನೇಲಿ ಇಟ್ಕೋತೀರಾ, ದಿನಕ್ಕೆ ಎಷ್ಟು. ಯಾಕಿಷ್ಟು ಅಂದ್ರೆ ಇಲ್ಲಿ ಎರಡು ಪದ್ಧತಿ ಇದೆಯಂತೆ: ಚಮೊರೊಗಳು ಹೆಚ್ಚಾಗಿ ಬಲಿತ ಅಡಿಕೇನ ಹಾಗೇ ಅಥವಾ ಬರೀ ಎಲೆ ಜೊತೆ ಜಗಿದು ನುಂಗ್ತಾರೆ, ಯಾಪ್ ಪಲಾವ್ ಕಡೆ ದ್ವೀಪಗಳಿಂದ ಬಂದವರು ಎಳೆ ಅಡಿಕೆಗೆ ಸುಣ್ಣ ತಂಬಾಕು ಹಾಕಿ ಜಗಿದು ಉಗೀತಾರೆ. ನಮ್ಮ ಆಯಿದು ಎರಡನೇ ಪಾರ್ಟಿ. ಪ್ರಶ್ನೆ ಕೇಳೋ ಹುಡುಗಿ ಮುಖದಲ್ಲಿ ಅಸಹ್ಯ ಇಲ್ಲ, ಬೈಗುಳ ಇಲ್ಲ, ಅವಳ ಅಜ್ಜಿನೂ ಜಗೀತಾರಂತೆ. ಆಯಿ ಎಲ್ಲಾ ಬಾಯ್ಬಿಟ್ಲು, ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಹಾಕೋ ಒಂದನ್ನೂ ಸೇರಿಸಿ. ಅದು ನನಗೇ ಗೊತ್ತಿರ್ಲಿಲ್ಲ!

ಆಮೇಲೆ ಬಾಯಿ ಪರೀಕ್ಷೆ, ಐದೇ ನಿಮಿಷ, ನೋವೇನಿಲ್ಲ. ಗ್ಲೌಸು, ಟಾರ್ಚು, ಬಟ್ಟೆ ತುಂಡಲ್ಲಿ ನಾಲಿಗೆ ತುದಿ ಹಿಡಿದು ಆ ಕಡೆ ಈ ಕಡೆ ಎಳೆದು ಅಂಚು ನೋಡಿದ್ರು, ನಾಲಿಗೆ ಅಡಿ, ಎರಡೂ ಕೆನ್ನೆ, ಅಂಗುಳ, ಕುತ್ತಿಗೇಲಿ ಗಂಟೇನಾದ್ರೂ ಸಿಗುತ್ತಾ ಅಂತ ಒತ್ತಿ ನೋಡಿದ್ರು. ಮತ್ತೆ ಆಯಿದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತಾ ಅಂತ ನೋಡಿದ್ರು. ಅಡಿಕೆ ಜಗಿದೂ ಜಗಿದೂ ಕೆನ್ನೆ ಒಳಗೆ ನಾರು ಬಿಗಿದ ಹಾಗಾಗಿ ಬಾಯಿ ತೆರೆಯೋಕೇ ಆಗ್ದೇ ಇರೋ ಕಾಯಿಲೆ ಇದೆಯಲ್ಲ, ಗುಟ್ಕಾ ತಿನ್ನೋ ಹುಡುಗರಲ್ಲಿ ನಾವು ನೋಡಿರ್ತೀವಿ, ಅದು ಮುಂದೆ ಕ್ಯಾನ್ಸರ್ ಆಗಬಹುದು, ಅದಕ್ಕೆ ಈ ಬೆರಳಿನ ಲೆಕ್ಕ. ಆಯಿಗೆ ಬೆರಳು ಹಿಡಿಸ್ತು. ಆದ್ರೆ ಎಡಗೆನ್ನೇಲಿ, ಕವಳ ಇಟ್ಕೊಳ್ಳೋ ಜಾಗದಲ್ಲೇ, ಉಜ್ಜಿದ್ರೂ ಹೋಗದ ಒಂದು ಬಿಳಿ ಮಚ್ಚೆ ಸಿಕ್ತು.

ಹೆದ್ರಿಸ್ಲಿಲ್ಲ. ಕನ್ನಡೀಲಿ ತೋರಿಸಿ, ಇದು ಕ್ಯಾನ್ಸರ್ ಅಂತ ಹೇಳ್ತಿಲ್ಲ, ಎರಡು ವಾರ ಎಲ್ಲಾ ನಿಲ್ಲಿಸಿ, ಮತ್ತೆ ನೋಡ್ಬೇಕು, ಹೋಗದೇ ಇದ್ರೆ ಚೂರು ತೆಗೆದು ಟೆಸ್ಟಿಗೆ ಕಳಿಸ್ಬೇಕು ಅಂದ್ರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. "ಹೊಗೆಸೊಪ್ಪು ಬಿಡ್ಲಕ್ಕು, ಅಡಿಕೆ ಎಂತಕ್ಕೆ ಬಿಡವು?" ಅಂತ ಆಯಿ. ಇದು ಬರೀ ಆಯಿ ಪ್ರಶ್ನೆ ಅಲ್ಲ, ಇಡೀ ಮಲೆನಾಡಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರ ವರದೀಲೇ ತಂಬಾಕು ಇಲ್ದಿದ್ರೂ ಬರೀ ಅಡಿಕೇನೂ ಕ್ಯಾನ್ಸರ್ ತರುತ್ತೆ ಅಂತ ಹೇಳಿದಾರೆ, ಮೊದಲನೇ ಗುಂಪಲ್ಲೇ ಹಾಕಿದಾರೆ, ಅಂದ್ರೆ ಅನುಮಾನ ಇಲ್ಲ ಅಂತ. ಈ ಮಾತನ್ನ ನಮ್ಮೂರ ಸೊಸೈಟಿ ಕಟ್ಟೆ ಮೇಲೆ ಹೇಳಿ ನೋಡಿ, ಚಹಾ ಕೊಡ್ದೇ ಕಳಿಸ್ತಾರೆ. ನಾನೂ ಇಷ್ಟು ವರ್ಷ "ಅದೆಲ್ಲಾ ಗುಟ್ಕಾದವರ ತಪ್ಪು, ಅಡಿಕೇದಲ್ಲ" ಅಂತಾನೇ ವಾದ ಮಾಡ್ತಿದ್ದೆ. ಆ ದಿನ ಆ ಟೇಬಲ್ ಮುಂದೆ, ಅಡಿಕೆನ ನಮ್ಮಷ್ಟೇ ಪ್ರೀತಿ ಮಾಡೋ ಇನ್ನೊಂದು ಜನದ ಹುಡುಗಿ ಬಾಯಿಂದ ಕೇಳಿದಾಗ ಎದುರು ವಾದ ಬರ್ಲಿಲ್ಲ.

ಬಿಡಿಸೋಕೆ ದಾರೀನೂ ಹೇಳಿದ್ರು, ಅದಕ್ಕೆ ಇನ್ನೊಂದು ಮಾರ್ಕು. ಗುವಾಮ್ ಯೂನಿವರ್ಸಿಟಿ ಮತ್ತೆ ಹವಾಯಿ ಯೂನಿವರ್ಸಿಟಿ ಕ್ಯಾನ್ಸರ್ ಸೆಂಟರ್ ಸೇರಿ ಗುವಾಮ್, ಸೈಪಾನ್‌ನಲ್ಲಿ ಅಡಿಕೆ ಬಿಡಿಸೋ ಪ್ರಯೋಗಾನೇ ಮಾಡಿದಾರೆ, ಸಿಗರೇಟ್ ಬಿಡಿಸೋ ಪದ್ಧತಿನೇ ಅಡಿಕೆಗೆ ಒಗ್ಗಿಸಿ 22 ದಿನದಲ್ಲಿ ಐದು ಕ್ಲಾಸು, ಬರೀ ಪುಸ್ತಕ ತಗೊಂಡು ಹೋದವರಿಗಿಂತ ಕ್ಲಾಸಿಗೆ ಕೂತವರಲ್ಲಿ ಬಿಟ್ಟವರು ಜಾಸ್ತಿ. ಇಷ್ಟು ಚಿಕ್ಕ ದ್ವೀಪಗಳಲ್ಲಿ ಇದಾಗಿದೆ, ಅಡಿಕೆ ಬೆಳೆಯೋದ್ರಲ್ಲಿ ದೇಶಕ್ಕೇ ಮುಂದಿರೋ ನಮ್ಮ ರಾಜ್ಯದಲ್ಲಿ ಅಡಿಕೆ ಬಿಡೋ ಕ್ಲಾಸು ಅಂತ ಒಂದು ಬೋರ್ಡು ನಾನಂತೂ ನೋಡಿಲ್ಲ.

ಬೇರೆ ಟೇಬಲ್‌ಗಳ ಬಗ್ಗೆ ಬೇಗ ಹೇಳ್ತೀನಿ. ನನಗೆ 47, ಮಲದ ಟೆಸ್ಟಿನ ಕಿಟ್ ಕೊಟ್ರು, ಅಮೆರಿಕದಲ್ಲಿ 2021ರಿಂದ ಕರುಳಿನ ಕ್ಯಾನ್ಸರ್ ತಪಾಸಣೆ 45ಕ್ಕೇ ಶುರು ಮಾಡ್ಬೇಕು ಅಂತ ಮಾಡಿದಾರೆ. ಕಡ್ಡೀಲಿ ಚುಚ್ಚಿ ಬಾಟ್ಲಿಗೆ ಹಾಕಿ ಕೊಡೋದು, ಕಣ್ಣಿಗೆ ಕಾಣದ ರಕ್ತ ಇದ್ಯಾ ಅಂತ ನೋಡ್ತಾರೆ, ವರ್ಷಕ್ಕೊಂದ್ಸಲ. ಬಿಸಿಲಲ್ಲಿ ಕಾರೊಳಗೆ ಇಡಬೇಡಿ, ಕೊಡೋತನಕ ಫ್ರಿಜ್ಜಲ್ಲಿಡಿ ಅಂದ್ರು. ಫ್ರಿಜ್ಜು! ಮೊಸರಿನ ಪಾತ್ರೆ ಪಕ್ಕ ಅದನ್ನ ಇಟ್ಟಿದ್ರೆ ಆಯಿ ಮಾರನೇ ದಿನಾನೇ ಶಿರಸಿಗೆ ವಾಪಸ್ ಹೊರಡ್ತಿದ್ಲು, ಹಾಗಾಗಿ ಬೆಳಿಗ್ಗೆ ಆರಕ್ಕೆ ತಗೊಂಡು ಏಳೂವರೆಗೆ ಕೊಟ್ಟು ಬಂದೆ. ಹೆಂಡತಿಗೆ 41, ಸ್ತನದ ಎಕ್ಸ್‌ರೇ ತೆಗೆಯೋ ಮ್ಯಾಮೊಗ್ರಾಮ್ ಮಿಷನ್ ಅಲ್ಲಿರ್ಲಿಲ್ಲ, ಚೀಟಿ ಬರೆದು ಕೊಟ್ರು. ಇನ್ಶೂರೆನ್ಸ್ ಇಲ್ಲದ, ಆದಾಯ ಕಮ್ಮಿ ಇರೋ ಹೆಂಗಸರಿಗೆ ಸ್ತನ ಮತ್ತೆ ಗರ್ಭಕಂಠದ ಟೆಸ್ಟನ್ನ ಇಲ್ಲಿನ ಪಬ್ಲಿಕ್ ಹೆಲ್ತ್ ಇಲಾಖೆಯವರೇ ಬಿಟ್ಟಿ ಮಾಡ್ತಾರೆ, ಅದಕ್ಕೆ ಹೆಸ್ರು ಬರೆಸೋ ಕ್ಯೂ ಉದ್ದ ಇತ್ತು. ಮಗನಿಗೆ 12, ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಹುಡುಗರಿಗೂ ಹಾಕ್ತಾರೆ ಅಂತ ಅವತ್ತೇ ಗೊತ್ತಾಗಿದ್ದು, 15ರೊಳಗೆ ಶುರು ಮಾಡಿದ್ರೆ ಎರಡೇ ಡೋಸು ಅಂದ್ರು ಅವತ್ತು. ಹುಡುಗ ಮುಖ ಗಂಟು ಹಾಕಿದ, ಹಾಕಿಸಿದ್ವಿ.

ಭಾಷಣ ಬೋರು. 50 ನಿಮಿಷ ಸ್ಲೈಡು, ಇಂಗ್ಲಿಷಲ್ಲೇ. ಚೂಕ್ ದ್ವೀಪದಿಂದ ಬಂದು ಇಲ್ಲಿ ನೆಲೆಸಿರೋ ಕುಟುಂಬಗಳು ಎಷ್ಟೊಂದು ಇದ್ವು, ಹೆಂಗಸರು ಉದ್ದ ಸ್ಕರ್ಟ್ ಹಾಕ್ಕೊಂಡು ಹಿಂದೆ ಸುಮ್ನೆ ಕೂತಿದ್ರು, ಅವರ ಭಾಷೆ ಗೊತ್ತಿರೋರು ಬಂದಿದ್ದು 11 ಗಂಟೆಗೆ, ಅಷ್ಟೊತ್ತಿಗೆ ಅರ್ಧ ಜನ ಊಟ ತಗೊಂಡು ಹೋಗಿದ್ರು. ಒಬ್ಬ ತಾತ ಎದ್ದು ಬಾಂಬ್ ಪರೀಕ್ಷೆ ಬಗ್ಗೆ ಕೇಳಿದ್ರು. 1946ರಿಂದ 58ರ ಮಧ್ಯೆ ಅಮೆರಿಕದವರು ಮಾರ್ಷಲ್ ದ್ವೀಪಗಳಲ್ಲಿ 67 ಅಣು ಪರೀಕ್ಷೆ ಮಾಡಿದಾರೆ, ಅದರ ಧೂಳು ನಮಗೂ ಬಿದ್ದಿದೆ, ಪರಿಹಾರ ಕೊಡಿ ಅಂತ ಗುವಾಮಿನವರು ಕೇಳ್ತಾನೇ ಇದಾರೆ, 2025ರಲ್ಲಿ ಇಂಥ ಪರಿಹಾರ ಕೊಡೋ ಅಮೆರಿಕದ ಕಾನೂನನ್ನ ವಿಸ್ತರಿಸಿದಾಗಲೂ ಇವರನ್ನ ಬಿಟ್ರು. ಮೈಕ್ ಹಿಡಿದವರು "ಅದು ಇವತ್ತಿನ ವಿಷ್ಯ ಅಲ್ಲ" ಅಂತ ಮುಂದಿನ ಸ್ಲೈಡಿಗೆ ಹೋದ್ರು. ತಾತ ಕೂತ್ಕೊಂಡ್ರು. ಸಿಗರೇಟ್ ಬಿಡಿ ಅಡಿಕೆ ಬಿಡಿ ಅಂತ ಜನಕ್ಕೆ ಹೇಳೋರು ಜನ ಕೇಳೋದಕ್ಕೂ ಎರಡು ನಿಮಿಷ ಕೊಡಬೇಕಿತ್ತು, ನನಗೆ ಸರಿ ಕಾಣ್ಲಿಲ್ಲ.

ಈಗ ಬೈಯೋ ಭಾಗ. ಹತ್ತು ದಿನದಲ್ಲಿ ಫೋನ್ ಬರುತ್ತೆ ಅಂದಿದ್ರು. ಆಯಿ ಪಾಪ ಎರಡು ವಾರ ಕವಳ ಮುಟ್ಲಿಲ್ಲ, ಸಿಡಿಸಿಡಿ ಅಂತಾ, ಲವಂಗ ಏಲಕ್ಕಿ ಬಾಯಿಗೆ ಹಾಕ್ಕೊಂಡು ತಳ್ಳಿದ್ಲು. ಫೋನ್ ಇಲ್ಲ. ನಾನು ಮೂರು ಸಲ ಮಾಡಿದೆ, ಮೂರೂ ಸಲ ವಾಯ್ಸ್‌ಮೇಲ್. 19ನೇ ದಿನ ಆಫೀಸಿಗೇ ಹೋದೆ. ಆಯಿ ಹೆಸರಿನ ಫೈಲೇ ಇಲ್ಲ! ಹುಡುಕಿ ಹುಡುಕಿ ಸಿಕ್ಕಿದ್ದು ಎಫ್‌ಎನ್‌ಯು ಅನ್ನೋ ಹೆಸರಲ್ಲಿ. ನಮ್ಮ ಹಳೇ ಕಾಲದವರ ಪಾಸ್‌ಪೋರ್ಟಲ್ಲಿ ಒಂದೇ ಹೆಸ್ರಿರುತ್ತಲ್ಲ, ಅಮೆರಿಕ ವೀಸಾದಲ್ಲಿ ಮೊದಲ ಹೆಸ್ರು ಗೊತ್ತಿಲ್ಲ ಅನ್ನೋದಕ್ಕೆ ಆ ಮೂರಕ್ಷರ ಹಾಕ್ತಾರೆ, ಇವರು ಅದನ್ನೇ ಹೆಸ್ರು ಅಂದ್ಕೊಂಡು ಫೋನ್ ನಂಬರಲ್ಲೂ ಒಂದು ಅಂಕಿ ತಪ್ಪು ಬರ್ಕೊಂಡು ಯಾರಿಗೋ ಫೋನ್ ಮಾಡಿ "ಮಿಸೆಸ್ ಫ್ನು ಇದಾರಾ" ಅಂತ ಎರಡು ಸಲ ಕೇಳಿದಾರೆ. ನಗು ಬಂತು, ಸಿಟ್ಟೂ ಬಂತು. ನಾನು ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ತು, ಆ ಹಿಂದೆ ಕೂತಿದ್ದ ಹೆಂಗಸರ ಮನೇಲಿ ಯಾರು ಹೋಗಿ ಕೇಳ್ತಾರೆ? ಟಾರ್ಚು ಹಾಕಿ ಮಚ್ಚೆ ಹುಡುಕಿಕೊಟ್ಟು ಆಮೇಲೆ ಆಳನ್ನೇ ಕಳ್ಕೊಂಡ್ರೆ ಏನು ಬಂತು. ತಪ್ಪು ಒಪ್ಕೊಂಡ್ರು, ಎರಡೇ ದಿನದಲ್ಲಿ ಡೆಂಟಿಸ್ಟ್ ಹತ್ರ ಟೈಮ್ ಕೊಡಿಸಿದ್ರು, ಅದು ಹೇಳ್ಬೇಕು.

ಮಚ್ಚೆ ಚಿಕ್ಕದಾಗಿತ್ತು, ಪೂರ್ತಿ ಹೋಗಿರ್ಲಿಲ್ಲ. ಟೆಸ್ಟ್ ಇಲ್ಲೇ ಮಾಡಿಸೋಕೆ ಆಯಿಯ ಟ್ರಾವೆಲ್ ಇನ್ಶೂರೆನ್ಸ್ ಒಪ್ಲಿಲ್ಲ, ಟಿಕೆಟ್ ಹಿಂದಕ್ಕೆ ಹಾಕಿಸಿ ಊರಿಗೆ ಕಳಿಸಿ ಹುಬ್ಬಳ್ಳೀಲಿ ಮಾಡಿಸಿದ್ವಿ. ಕ್ಯಾನ್ಸರ್ ಇಲ್ಲ ಅಂತ ಬಂತು, ಆರು ತಿಂಗಳಿಗೊಮ್ಮೆ ತೋರಿಸಿ ಅಂದಿದಾರೆ. ಫೋನಲ್ಲಿ ಕೇಳಿದ್ರೆ "ಹೊಗೆಸೊಪ್ಪು ಬಿಟ್ಟಾತಲಾ" ಅಂತಾಳೆ. ಅಡಿಕೆ? ಅಂದ್ರೆ ಸಿಗ್ನಲ್ ಹೋಗುತ್ತೆ.

ಹೋಗೋರಿಗೆ: ಎಂಟಕ್ಕೆ ಮುಂಚೆ ಹೋಗಿ, ಆಮೇಲೆ ಪಾರ್ಕಿಂಗ್ ಸಿಗಲ್ಲ. ಬಾಯಿ ಪರೀಕ್ಷೆಗೆ ವೀಸಾ ಇನ್ಶೂರೆನ್ಸ್ ಏನೂ ಕೇಳಲ್ಲ, ವಿಸಿಟರ್ ಆಗಿ ಬಂದ ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗ್ಬಹುದು. ಫಾರಂ ತುಂಬೋದನ್ನ ಕ್ಯಾಂಪಿನವರಿಗೆ ಬಿಡಬೇಡಿ, ಹೆಸ್ರು ನಂಬರು ನೀವೇ ಬರೀರಿ, ಬರೆದಿದ್ದನ್ನ ಫೋಟೋ ತಕ್ಕೊಳ್ಳಿ, ಹತ್ತನೇ ದಿನ ಫೋನ್ ಬರ್ಲಿಲ್ಲ ಅಂದ್ರೆ ಹನ್ನೊಂದನೇ ದಿನ ನೇರ ಆಫೀಸಿಗೆ ಹೋಗಿ.