ಹೆಸರಿಲ್ಲದ 58 ಸಿಸಿ ಚೈನ್‌ಸಾ: ಮೂರು ಬೇಸಿಗೆ ಕಳೆದ ಮೇಲೆ

5ಕ್ಕೆ 3 ಸ್ಟಾರ್. ಮೂರೂ ಇಂಜಿನ್‌ಗೆ. ಪೆಟ್ಟಿಗೆಯಲ್ಲಿ ಬಂದ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ), ಚೈನ್‌ಗೆ ಒಂದೂ ಇಲ್ಲ.

58 ಸಿಸಿ ಅನ್ನೋದನ್ನ ಪೂರ್ತಿ ನಂಬಬೇಡಿ. 52 ಅಂತ ಮಾರುವ ಮಿಷನ್ನಿಗೂ 58 ಅಂತ ಮಾರುವುದಕ್ಕೂ ಸಾಮಾನ್ಯವಾಗಿ ಕೂರುವುದು ಅದೇ 45.2 ಮಿ.ಮೀ. ಪಿಸ್ಟನ್. ಅದಕ್ಕೆ 22 ಇಂಚಿನ ಬಾರ್ ಸಿಕ್ಕಿಸಿ ಕೊಡುತ್ತಾರೆ, ನೋಡೋಕೆ ಗತ್ತಾಗಿರುತ್ತೆ. ಚಳ್ಳಕೆರೆ, ಹಿರಿಯೂರು ಕಡೆಯ ಬಳ್ಳಾರಿ ಜಾಲಿಯ ಬುಡಕ್ಕೆ ಪೂರ್ತಿ ಇಳಿಸಿದರೆ ಉಸಿರು ಕಟ್ಟುತ್ತೆ. ಚೈನ್ ನಿಂತರೂ ಆಕ್ಸಿಲರೇಟರ್ ಹಿಡಿದೇ ಇದ್ದರೆ ಕ್ಲಚ್ ಜಾರಿ ಕಾಯುತ್ತೆ, ಅದರ ಹಿಂದಿರುವ ಆಯಿಲ್ ಪಂಪಿನ ಪ್ಲಾಸ್ಟಿಕ್ ಗೇರ್ ಕರಗುತ್ತೆ. ಅದು ಹೊರಗೆ ಕಾಣಲ್ಲ. ಬಾರ್ ನೀಲಿಗಟ್ಟಿದಾಗಲೇ ಗೊತ್ತಾಗೋದು. ಕೊಂಡ ದಿನವೇ 18 ಇಂಚಿನ ಬಾರ್ ಹಾಕಿಸಿ: ಪಿಚ್ (ಚೈನ್ ಕೊಂಡಿಗಳ ಅಂತರ) .325 ಇಂಚು, ಗೇಜ್ (ಬಾರಿನ ಗಾಡಿಯ ಅಗಲ) .058 ಇಂಚು, ಸಾಮಾನ್ಯವಾಗಿ 72 ಲಿಂಕ್ (ಆ ಗಾಡಿಯೊಳಗೆ ಓಡುವ ಕೊಂಡಿ). ಬಾರ್ ಮೇಲೆ ಕೆತ್ತಿದ ಲಿಂಕ್ ಸಂಖ್ಯೆ ಹೇಳಿ ಚೈನ್ ಕೇಳಿ. ಬರೀ ಇಂಚು ಹೇಳಿದರೆ ಎರಡು ಲಿಂಕ್ ಹೆಚ್ಚೋ ಕಮ್ಮಿಯೋ ಬರುತ್ತೆ.

ಜಾಲಿಯ ತೊಗಟೆಯಲ್ಲಿ ಧೂಳು ಕೂತಿರುತ್ತೆ. ಕೊಯ್ಯುವ ಜಾಗದಲ್ಲಿ ಮಚ್ಚಿನಿಂದ ತೊಗಟೆ ಕೆತ್ತಿಕೊಳ್ಳಿ. ತುದಿ ಒಂದು ಸಲ ಮಣ್ಣು ಮುಟ್ಟಿತೋ, ಹಲ್ಲು ಹೋಯಿತು. ಮರದಿಂದ ಚಕ್ಕೆ ಬರಬೇಕು, ಹಿಟ್ಟು ಬಂದರೆ ಅರ ಹಾಕುವ ಹೊತ್ತು ಅಂತ ಅರ್ಥ. .325ಕ್ಕೆ 4.8 ಮಿ.ಮೀ. ದುಂಡು ಅರ, ಎಲ್ಲ ಹಲ್ಲಿಗೂ ಎಣಿಸಿ ಅಷ್ಟಷ್ಟೇ ಎಳೆತ. ಒಂದು ಕಡೆ ಹೆಚ್ಚಾದರೆ ಕೊಯ್ತ ಸೊಟ್ಟ ಹೋಗುತ್ತೆ, ಆಮೇಲೆ ಜನ ಬಾರ್ ಬಾಗಿದೆ ಅಂತ ಬೈತಾರೆ. ಅರ ಹಾಕಿದಾಗಲೆಲ್ಲ ಬಾರ್ ತಿರುವಿ ಹಾಕಿ.

ಚನ್ನಗಿರಿ ಕಡೆ ಅಡಿಕೆ, ಹೊಸದುರ್ಗದ ಕಡೆ ತೆಂಗು ಕೊಯ್ಯುವವರಿಗೆ ತೊಂದರೆ ಬೇರೆ. ನಾರು ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ) ಕವರಿನೊಳಗೆ ಮೆತ್ತಿಕೊಂಡು ಬಾರಿನ ಆಯಿಲ್ ತೂತು ಮುಚ್ಚುತ್ತೆ. ಟ್ಯಾಂಕ್ ಖಾಲಿಯಾದಾಗಲೆಲ್ಲ ಕವರ್ ಬಿಚ್ಚಿ ತೆಗೆಯಲೇಬೇಕು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಚೈನ್ ಆಯಿಲ್ ಟ್ಯಾಂಕೂ ಬಹುಪಾಲು ಇಳಿದಿರಬೇಕು. ಇಳಿಯದಿದ್ದರೆ ಆ ತೂತೇ ನೋಡಿ. ಟ್ರ್ಯಾಕ್ಟರಿನಿಂದ ಇಳಿಸಿದ ಕರೀ ಆಯಿಲ್ ಬೇಡ, ಅದರಲ್ಲಿನ ಲೋಹದ ಪುಡಿ ಪಂಪನ್ನೇ ತಿನ್ನುತ್ತೆ.

ಇದರ ಕೈಪಿಡಿ ಪ್ರಕಾರ 25ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ (ಪೆಟ್ರೋಲಿಗೆ ಬೆರೆಸುವ ಇಂಜಿನ್ ಆಯಿಲ್). ಸ್ಟಿಲ್, ಹಸ್ಕ್‌ವಾರ್ನಾದಂಥ ಕಂಪನಿ ಮಿಷನ್ನಿಗೆ ಅವರದೇ ಆಯಿಲ್ ಆದರೆ 50ಕ್ಕೆ 1, ಅಂದರೆ 20. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಟ್ಯಾಂಕಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ಎಳೆದುಕೊಂಡು ಕಾರ್ಬುರೇಟರಿನ ಡಯಾಫ್ರಮ್ (ಒಳಗಿನ ತೆಳು ಪದರ) ಗಟ್ಟಿಯಾಗುತ್ತೆ. ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ.

ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕಂಪನಿ ಮಿಷನ್ ಸಿಕ್ಕಿದರೆ? ಸ್ಟಿಲ್ ಎಂಎಸ್ 180 ಬರೀ 31.8 ಸಿಸಿ, ಆದರೂ ಒಂದಡಿ ದಪ್ಪದೊಳಗಿನ ಮರಕ್ಕೆ ನನ್ನ ಮತ ಅದಕ್ಕೇ. ಒಂದೇ ಷರತ್ತು, ಸಿಲಿಂಡರ್ ಚೆನ್ನಾಗಿರಬೇಕು. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಇಟ್ಟಿದ್ದರೆ ಆರುವ ತನಕ ಕಾಯಿರಿ. ಸ್ವಿಚ್ ಆಫ್ ಇಟ್ಟು, ಸ್ಟಾರ್ಟರ್ ಹಗ್ಗದ ಹಿಡಿಯಲ್ಲೇ ಮಿಷನ್ನನ್ನು ನೆಲದಿಂದ ತುಸು ಮೇಲೆ ತೂಗುಬಿಡಿ. ತಡೆದು ತಡೆದು ಇಳಿದರೆ ಕಂಪ್ರೆಷನ್ ಇದೆ, ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಕೈಮುಗಿದು ಬನ್ನಿ. ಆಮೇಲೆ ಸೈಲೆನ್ಸರ್ ಬಿಚ್ಚಿಸಿ ಟಾರ್ಚ್ ಹಾಕಿ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ 2ಟಿ ಇಲ್ಲದೆ, ಇಲ್ಲವೇ ಗಾಳಿ ಎಳೆದುಕೊಂಡು ಓಡಿದೆ. ಬಿಚ್ಚೋಕೆ ಬಿಡದವನ ಹತ್ತಿರ ವ್ಯಾಪಾರವೇ ಬೇಡ.

ಓಡುವಾಗ ಐಡಲ್‌ನಲ್ಲಿ ಚೈನ್ ಸುತ್ತಬಾರದು. ಅಡ್ಡ ವಾಲಿಸಿದಾಗ ರೇಸ್ ಏರಿದರೆ ಕ್ರ್ಯಾಂಕ್ ಸೀಲ್ (ಇಂಜಿನ್ನಿಗೆ ಗಾಳಿ ನುಗ್ಗದಂತೆ ತಡೆಯುವ ರಿಂಗ್) ಮೇಲೆ ಅನುಮಾನ. ಬಾರ್ ತುದಿಯನ್ನು ಒಣ ಕಲ್ಲಿನ ಹತ್ತಿರ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಎಣ್ಣೆಗೆರೆ ಬೀಳಬೇಕು. ಸ್ಪ್ರಾಕೆಟ್ ಹಲ್ಲು ಅರ್ಧ ಮಿ.ಮೀ.ಗಿಂತ ಆಳ ಸವೆದಿದ್ದರೆ ಅದು, ಚೈನ್, ಬಾರ್ ಮೂರರ ದುಡ್ಡನ್ನೂ ಬೆಲೆಯಲ್ಲಿ ಕಳೆಯಿರಿ. ಚೈನ್ ಬ್ರೇಕ್ ಹಿಡಿಯದಿದ್ದರೆ ರಿಪೇರಿ ಆಗುವ ತನಕ ಮುಟ್ಟಬೇಡಿ, ಪುಕ್ಕಟೆ ಕೊಟ್ಟರೂ.

58 ಸಿಸಿಯ ಪರವಾಗಿ ಒಂದು ಮಾತು: ಇದರ ಬಿಡಿಭಾಗ ಕಳೆನಾಶಕ ಸ್ಪ್ರೇಯರ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ. ಸ್ವತಃ ಸ್ಪ್ಯಾನರ್ ಹಿಡಿಯುವವರು ತಗೊಳ್ಳಿ. ಪ್ರತಿ ಸಲ ಮೆಕ್ಯಾನಿಕ್ ಹತ್ತಿರ ಒಯ್ಯುವವರಾದರೆ ಆ ಕೂಲಿ ಸೇರಿಸಿ ಲೆಕ್ಕ ಹಾಕಿ.