ನಾಲ್ಕು ಬಾಟಲಿ ಇಂಕು, ಮೂರು ಮಳೆಗಾಲ

ಮುಂಬಯಿ ಹತ್ತಿರದ ಡೊಂಬಿವಿಲಿಯ ನಮ್ಮ ಮನೆಗೆ, ಬಾಟಲಿಯಿಂದ ಟ್ಯಾಂಕಿಗೆ ಇಂಕು ಸುರಿಯುವ ಈ ಇಂಕ್‌ಟ್ಯಾಂಕ್ ಪ್ರಿಂಟರ್ ಬಂದು ಮೂರು ಮಳೆಗಾಲ ಆಯಿತು. ನಾಮಕರಣ, ಸತ್ಯನಾರಾಯಣ ಪೂಜೆ, ಯಕ್ಷಗಾನದ ಕರಪತ್ರ, ಸುತ್ತಮುತ್ತಲ ನಮ್ಮವರ ಚಿಕ್ಕಪುಟ್ಟ ಕೆಲಸವೆಲ್ಲ ಇದರಲ್ಲೇ.

ಮೊದಲ ವಾರವೇ ವಾಪಸ್ ಕೊಡೋಣ ಅನ್ನಿಸಿತ್ತು. ಕರಪತ್ರಕ್ಕೆ ನವಿಲಿನ ಕೊರಳಿನಂಥ ನೀಲಿ ಹಾಕಿದ್ದೆ. ಹಾಳೆಯಲ್ಲಿ ಬಂದದ್ದು ಒಗೆದು ಒಗೆದು ಮಾಸಿದ ಯೂನಿಫಾರ್ಮಿನ ನೀಲಿ. "ಏನಕ್ಕಾ, ಮೊಬೈಲಲ್ಲಿ ಹೊಳೀತಿತ್ತಲ್ವಾ?" ಅಂದ ಮೇಳದ ಹುಡುಗ. ಪಾಪ, ಪ್ರಿಂಟರ್‌ದೇನೂ ತಪ್ಪಿರಲಿಲ್ಲ. ಮೊಬೈಲಿನದು ಕೂಡಿಸುವ ಲೆಕ್ಕ: ಕೆಂಪು, ಹಸಿರು, ನೀಲಿ ಬೆಳಕು ಮೂರೂ ಸೇರಿದರೆ ಬಿಳಿ. ಇಂಕಿನದು ಕಳೆಯುವ ಲೆಕ್ಕ. ಸಯಾನ್ (ಹಸಿರು ಬೆರೆತ ತಿಳಿನೀಲಿ) ಇಂಕು ಕೆಂಪು ಬೆಳಕನ್ನು ನುಂಗುತ್ತದೆ, ಮಜೆಂಟಾ (ನೇರಳೆಗೆಂಪು) ಹಸಿರನ್ನು, ಹಳದಿ ನೀಲಿಯನ್ನು. ಉಳಿದದ್ದು ನಮ್ಮ ಕಣ್ಣಿಗೆ. ಆ ಹೊಳೆಯುವ ನೀಲಿ ಈ ಇಂಕುಗಳಿಗೆ ಎಟುಕುವುದೇ ಇಲ್ಲ. ಈಗ ಒಂದು ಹಾಳೆ ತೆಗೆದು ಅದನ್ನೇ ತೋರಿಸಿ ಒಪ್ಪಿಗೆ ಪಡೆಯುತ್ತೇನೆ. ಮೊಬೈಲ್ ಹೊರಗೆ ತೆಗೆಯುವುದೇ ಇಲ್ಲ.

ತಿಳಿಗುಲಾಬಿಗೆ ಬೇರೆ ಬಾಟಲಿ ಇಲ್ಲ. ಅಪ್ಪ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ನೋಡಿದೆ: ದೂರದೂರ ಮಜೆಂಟಾ ಚುಕ್ಕೆ, ನಡುವೆ ಬರೀ ಬಿಳಿ ಹಾಳೆ. ಕೆಂಪಿಗೆ ಮಜೆಂಟಾದ ಜತೆ ಹಳದಿ ಸೇರುತ್ತದೆ. ಇದು ಚೆನ್ನಾಗಿ ತಲೆಗೆ ಹತ್ತಿದ್ದು ಕಳೆದ ಮೇ ತಿಂಗಳಲ್ಲಿ. ಇಪ್ಪತ್ತು ದಿನ ಊರಿಗೆ ಹೋಗಿ ಬಂದು ಅರಿಶಿನ ಕುಂಕುಮದ ಕಾರ್ಡ್ ತೆಗೆದರೆ, ಎರಡೂ ಅರಿಶಿನ! ಮಜೆಂಟಾ ಚಿಮ್ಮುವ ಸಣ್ಣ ತೂತು, ಅಂದರೆ ನಾಝಲ್, ಒಣಗಿ ಕಟ್ಟಿಕೊಂಡಿತ್ತು. ಇಂಕನ್ನೇ ಹರಿಸಿ ತೂತು ತೊಳೆಯುವ ಹೆಡ್ ಕ್ಲೀನಿಂಗ್ ಮೂರು ಸಲ ಮಾಡಿದ ಮೇಲೆ ಸರಿಹೋಯಿತು. ಆದರೆ ಟ್ಯಾಂಕಿನ ಇಂಕು ಕಣ್ಣೆದುರೇ ಇಳಿಯಿತು. ನನ್ನ ದೊಡ್ಡ ತಕರಾರು ಇದೇ. ಈಗ ಕೆಲಸ ಇಲ್ಲದಿದ್ದರೂ ವಾರಕ್ಕೊಂದು ಬಣ್ಣದ ಹಾಳೆ ತೆಗೆಯುತ್ತೇನೆ.

ಕಪ್ಪು ಮಾತ್ರ ಅಪ್ಪಟ. ಮೂರು ಬಣ್ಣ ಬೆರೆಸಿದರೆ ಕಪ್ಪು ಬರಬೇಕು, ಬರುವುದು ಕೆಸರುಗಂದು. ಅದಕ್ಕೇ ನಾಲ್ಕನೇ ಬಾಟಲಿ. ಸಣ್ಣ ಒತ್ತಕ್ಷರವೂ ಗೀರಿದ ಹಾಗೆ ಬರುತ್ತದೆ. ಒಮ್ಮೆ ಜುಲೈಯಲ್ಲಿ ಲೋಕಲ್‌ನಲ್ಲಿ ಒಯ್ದ ಕರಪತ್ರ ನೆನೆದು ಬಣ್ಣವೆಲ್ಲ ಇಳಿದಿತ್ತು. ಕಪ್ಪು ಮಾತ್ರ ನೀರಿಗೆ ಕರಗದ ಪುಡಿಯ ಪಿಗ್ಮೆಂಟ್ ಇಂಕು, ಅದರ ಅಕ್ಷರ ಹಾಗೇ ನಿಂತಿತ್ತು.

ಮಳೆಗಾಲದಲ್ಲಿ ಹಾಳೆ ತೆರೆದಿಡಬೇಡಿ. ತೇವಕ್ಕೆ ಸುರುಳುತ್ತದೆ, ಇಂಕು ಹರಡಿ ಬಣ್ಣ ಮಂಕಾಗುತ್ತದೆ. ನಾನು ಚಕ್ಕುಲಿ ಡಬ್ಬಿಯೊಂದನ್ನು ಖಾಲಿ ಮಾಡಿ ಅದರಲ್ಲಿ ಕಾರ್ಡ್ ಇಡುತ್ತೇನೆ.

ವಾರವಾರ ಬಣ್ಣದ ಕೆಲಸ ಇರುವವರು ಧಾರಾಳವಾಗಿ ತೆಗೆದುಕೊಳ್ಳಿ. ತಿಂಗಳಿಗೊಂದು ರೈಲು ಟಿಕೆಟ್ ತೆಗೆಯೋರಿಗೆ ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯೇ ಸಾಕು.